ಕಂಪ್ಯೂಟರ್ ಮಾಡೆಲ್‌ನಿಂದ ಅಂಗಡಿಯ ಸರಕಿನವರೆಗೆ: ಪ್ಲಾಸ್ಟಿಕ್ ಸೋಪ್ ಸ್ಟ್ಯಾಂಡ್ ಒಂದನ್ನು ತಯಾರಿಸುವ ಪೂರ್ತಿ ಕ್ರಮ

ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ವಸ್ತುವಿನ ಮಾಡೆಲ್ ಮಾಡುವುದನ್ನು, ಕಲಿತವರು ಈಗ ಜಾಸ್ತಿ. ಅಡುಗೆಮನೆಗೆ ಬೇಕಾದ ಸಣ್ಣ ವಸ್ತುವೊಂದನ್ನು ಕಂಪ್ಯೂಟರಿನಲ್ಲಿ ಚೆಂದವಾಗಿ ಮಾಡುತ್ತಾರೆ. ತ್ರೀಡಿ ಪ್ರಿಂಟ್ ತೆಗೆಸಿ ನೋಡುತ್ತಾರೆ. ಸರಿಯಿದೆ ಅನ್ನಿಸಿದ ಕೂಡಲೇ ಮೋಲ್ಡ್‌ಗೆ, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬಿಸುವ ಉಕ್ಕಿನ ಅಚ್ಚಿಗೆ, ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ. ತಟ್ಟೆ ಸೊಟ್ಟಗೆ ಬರುತ್ತದೆ, ಮುಚ್ಚಳ ಕೂರುವುದಿಲ್ಲ, ಮೋಲ್ಡ್ ತಿದ್ದಲು ಮತ್ತೆ ದುಡ್ಡು.

ಬಹುತೇಕ ಸಲ ಡಿಸೈನ್ ಕೆಟ್ಟದಾಗಿರುವುದಿಲ್ಲ. ಕೆಲಸಗಳ ಕ್ರಮ ತಪ್ಪಿರುತ್ತದೆ. ಉಕ್ಕು ಕತ್ತರಿಸುವ ಮೊದಲು ಏನು ಬದಲಿಸಿದರೂ ಖರ್ಚು ನಿಮ್ಮ ಸಮಯ ಮಾತ್ರ. ಕತ್ತರಿಸಿದ ಮೇಲೆ ಪ್ರತಿ ತಿದ್ದುಪಡಿಗೂ ಬಿಲ್ ಬರುತ್ತದೆ. ಹಾಗಾಗಿ ಇಲ್ಲಿ ಮೋಲ್ಡ್ ಕಟ್ಟುವ ಮುಂಚಿನ ಹಂತಗಳ ಬಗ್ಗೆಯೇ ಹೆಚ್ಚು ಮಾತು.

ಉದಾಹರಣೆಗೆ ಸಿಂಕಿನ ಪಕ್ಕ ಇಡುವ ಪಾತ್ರೆ ಸೋಪಿನ ಸ್ಟ್ಯಾಂಡ್ ತೆಗೆದುಕೊಳ್ಳೋಣ. ಎರಡು ಭಾಗ: ನೀರು ಹಿಡಿಯುವ ಕೆಳಗಿನ ತಟ್ಟೆ, ಅದರ ಮೇಲೆ ಕೂರುವ ಸೀಳುಗಳಿರುವ ಜಾಲರಿ. ತಟ್ಟೆಯ ಅಳತೆ 180 × 100 ಮಿ.ಮೀ., ಆಳ 30 ಮಿ.ಮೀ.

## ಕೈಯಲ್ಲಿ ಏನೇನು ಇರಬೇಕು

ಡ್ರಾಫ್ಟ್ ಅನಾಲಿಸಿಸ್ (ಗೋಡೆಗಳ ಇಳಿಜಾರು ಪರೀಕ್ಷಿಸುವುದು) ಮತ್ತು ಸೆಕ್ಷನ್ ನೋಟ (ಮಾಡೆಲನ್ನು ಸೀಳಿ ಒಳಗೆ ನೋಡುವುದು) ಇರುವ ಕ್ಯಾಡ್ ಸಾಫ್ಟ್‌ವೇರ್ ಬೇಕು. ಫ್ಯೂಷನ್, ಸಾಲಿಡ್‌ವರ್ಕ್ಸ್ ಎರಡರಲ್ಲೂ ಇವು ಇವೆ. ಒಂದು ಡಿಜಿಟಲ್ ವರ್ನಿಯರ್ ಬೇಕು. 0.1 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ಬೇಕು. ತಕ್ಕಡಿ ಯಾಕೆ ಅಂತ 8ನೇ ಹಂತದಲ್ಲಿ ಗೊತ್ತಾಗುತ್ತದೆ.

ನಿಮ್ಮದೇ ವಸ್ತುವಿನಂಥ, ಈಗಾಗಲೇ ಅಂಗಡಿಯಲ್ಲಿರುವ ಮೂರು ನಾಲ್ಕು ಸಾಮಾನು ಕೊಂಡು ತನ್ನಿ. ಕತ್ತರಿಸಿ ಗೋಡೆಯ ದಪ್ಪ ಅಳೆಯಿರಿ. ಪ್ಲಾಸ್ಟಿಕ್ ಎಲ್ಲಿಂದ ಒಳಹೊಕ್ಕಿದೆ, ಹೊರತಳ್ಳುವ ಪಿನ್ನುಗಳ ದುಂಡನೆ ಗುರುತು ಎಲ್ಲಿವೆ ಅಂತ ಹುಡುಕಿ. ನೂರಿನ್ನೂರು ರೂಪಾಯಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

## ಹಂತ 1: ಎಷ್ಟು ಪೀಸ್ ಅಂತ ಮೊದಲು ತೀರ್ಮಾನಿಸಿ

ಮೋಲ್ಡ್ ಬೇಕೋ ಬೇಡವೋ ಅನ್ನುವುದನ್ನು ಸಂಖ್ಯೆಯೇ ಹೇಳುತ್ತದೆ. ಲೆಕ್ಕಕ್ಕೆ ಸುಮ್ನೆ ಮೋಲ್ಡ್‌ಗೆ 3 ಲಕ್ಷ ರೂಪಾಯಿ ಅಂದುಕೊಳ್ಳಿ. 1,000 ಪೀಸ್ ಮಾರಿದರೆ ಒಂದೊಂದರ ಮೇಲೂ 300 ರೂಪಾಯಿ ಮೋಲ್ಡ್ ಖರ್ಚೇ ಕೂರುತ್ತದೆ. 20,000 ಮಾರಿದರೆ ಅದು 15 ರೂಪಾಯಿ. ಸೋಪ್ ಸ್ಟ್ಯಾಂಡಿಗೆ ಜನ ಎಷ್ಟು ಕೊಡುತ್ತಾರೆ ಅಂತ ನಿಮಗೇ ಗೊತ್ತಲ್ಲ.

ನೂರು ಪೀಸ್ ಒಳಗಾದರೆ ಇಂಜೆಕ್ಷನ್ ಮೋಲ್ಡ್, ಅಂದರೆ ಈ ಉಕ್ಕಿನ ಅಚ್ಚಿನ ಮಾತೇ ಬೇಡ. ತ್ರೀಡಿ ಪ್ರಿಂಟ್ ಸಾಕು, ಇಲ್ಲವೇ ಸಿಲಿಕೋನ್ ಅಚ್ಚಿನಲ್ಲಿ ವ್ಯಾಕ್ಯೂಮ್ ಕಾಸ್ಟಿಂಗ್ (ಗಾಳಿ ತೆಗೆದು ದ್ರವ ರಾಳ ಎರೆಯುವುದು) ಮಾಡಿಸಬಹುದು. ಒಂದು ಸಿಲಿಕೋನ್ ಅಚ್ಚಿನಿಂದ ಸುಮಾರು 20 ಪೀಸ್ ಬರುತ್ತವೆ. ವಸ್ತುವಿನ ಆಕಾರ ಒಪ್ಪಿದರೆ ಸ್ಟೀಲ್ ಶೀಟನ್ನು ಲೇಸರ್‌ನಲ್ಲಿ ಕತ್ತರಿಸಿ ಬಗ್ಗಿಸಬಹುದು. ಅದಕ್ಕೆ ಮೋಲ್ಡೇ ಬೇಡ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದಿನ ಹಂತಕ್ಕೆ ಬನ್ನಿ.

## ಹಂತ 2: ಯಾವ ಪ್ಲಾಸ್ಟಿಕ್? ಮಾಡೆಲ್ ಮುಗಿಸುವ ಮೊದಲೇ ಹೇಳಿ

"ಮೆಟೀರಿಯಲ್ ಆಮೇಲೆ ನೋಡೋಣ" ಅನ್ನುವುದು ಪದೇ ಪದೇ ಆಗುವ ತಪ್ಪು. ಪ್ಲಾಸ್ಟಿಕ್ ಬಿಸಿಯಾಗಿ ಒಳಹೋಗಿ ತಣಿಯುವಾಗ ಕುಗ್ಗುತ್ತದೆ. ಪಾಲಿಪ್ರೊಪಿಲೀನ್, ಅಂದರೆ ಎಲ್ಲರೂ ಪಿಪಿ ಅನ್ನುವುದು, ಹೆಚ್ಚುಕಡಿಮೆ 1.5 ಶೇಕಡಾ ಕುಗ್ಗುತ್ತದೆ. ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ 0.5 ಶೇಕಡಾದ ಆಸುಪಾಸು. ನಮ್ಮ 180 ಮಿ.ಮೀ. ತಟ್ಟೆಯಲ್ಲಿ ಪಿಪಿ 2.7 ಮಿ.ಮೀ. ಕುಗ್ಗಿದರೆ ಎಬಿಎಸ್ 0.9 ಮಿ.ಮೀ. ಕುಗ್ಗುತ್ತದೆ. ಎಬಿಎಸ್‌ಗೆ ಅಂತ ಮಾಡಿದ ಮೋಲ್ಡ್‌ಗೆ, ಅಗ್ಗ ಅಂತ ಆಮೇಲೆ ಪಿಪಿ ಹಾಕಿದರೆ ತಟ್ಟೆ ಸುಮಾರು 1.8 ಮಿ.ಮೀ. ಚಿಕ್ಕದಾಗಿ ಬರುತ್ತದೆ.

ಈ ಕುಗ್ಗುವಿಕೆಯನ್ನು ಮಾಡೆಲ್‌ಗೆ ನೀವು ಸೇರಿಸಬೇಡಿ. ಮೋಲ್ಡ್ ಮಾಡುವವರು ಸೇರಿಸುತ್ತಾರೆ. ಇಬ್ಬರೂ ಸೇರಿಸಿದರೆ ಪೀಸ್ ದೊಡ್ಡದಾಗುತ್ತದೆ. ಡ್ರಾಯಿಂಗ್ ಮೇಲೆ "ಇವು ಕೈಗೆ ಬರುವ ಪೀಸಿನ ಅಳತೆಗಳು, ಕುಗ್ಗುವಿಕೆ ಸೇರಿಸಿಲ್ಲ" ಅಂತ ಬರೆದುಬಿಡಿ.

ನಮ್ಮ ಸ್ಟ್ಯಾಂಡ್‌ಗೆ ಪಿಪಿ ಸರಿ. ಸೋಪು, ಬಿಸಿನೀರು ಎರಡನ್ನೂ ತಡೆಯುತ್ತದೆ, ಹಗುರ, ಕೈತಪ್ಪಿ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಪಿಪಿಗೆ ಅಂಟು ಹಿಡಿಯುವುದಿಲ್ಲ. ಡಬಲ್ ಸೈಡ್ ಟೇಪ್ ಹಾಕಿ ಗೋಡೆಗೆ ಅಂಟಿಸುವ ಡಿಸೈನ್ ಮಾಡಿ ಪಿಪಿಯಲ್ಲಿ ತಯಾರಿಸಿದವರ ಸ್ಟ್ಯಾಂಡುಗಳು ಒಂದು ವಾರಕ್ಕೆ ಸಿಂಕಿನೊಳಗೆ ಬಿದ್ದಿರುತ್ತವೆ. ಟೇಪೇ ಬೇಕು ಅಂದರೆ ಎಬಿಎಸ್‌ಗೆ ಹೋಗಿ. ಪಿಪಿಯೇ ಬೇಕು ಅಂದರೆ ಸ್ಕ್ರೂ ತೂತು ಕೊಡಿ.

ಇನ್ನೆರಡು ಎಚ್ಚರಿಕೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಡುವ ಸಾಮಾನಾದರೆ ಬಿಸಿಲಿಗೆ ಪಿಪಿ ಪುಡಿಪುಡಿಯಾಗುತ್ತದೆ, ಯುವಿ ಸ್ಟೆಬಿಲೈಜರ್ ಇರುವ ಗ್ರೇಡ್ ಕೇಳಿ. ತಿನ್ನುವ ಪದಾರ್ಥ ತಾಗುವ ಸಾಮಾನಾದರೆ, ಉದಾಹರಣೆಗೆ ತರಕಾರಿ ತೊಳೆಯುವ ಜಾಲರಿ, ಐಎಸ್ 10910 ಮಾನದಂಡಕ್ಕೆ ಒಪ್ಪುವ ಪಿಪಿ ಬೇಕು. ಪೂರೈಸುವವರಿಂದ ಪತ್ರ ಕೇಳಿ ಪಡೆಯಿರಿ, ಬಾಯಿ ಮಾತು ಬೇಡ.

## ಹಂತ 3: ಮಾಡೆಲನ್ನು ಮೋಲ್ಡ್‌ಗೆ ಹೊಂದಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಇಲ್ಲಿ ಎರಡು ವಾರ ಹೋದರೂ ನಷ್ಟವಿಲ್ಲ.

ಗೋಡೆಯ ದಪ್ಪ. ಎಲ್ಲ ಕಡೆ ಒಂದೇ ಇರಲಿ. ಈ ಗಾತ್ರದ ತಟ್ಟೆಗೆ 2 ಮಿ.ಮೀ. ಸಾಕು. ಗಟ್ಟಿ ಬರಲಿ ಅಂತ 3 ಮಾಡುವವರು ಬಹಳ. ತಣಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಒಂದೂವರೆ ಪಟ್ಟಾದರೆ ತಣಿಯುವ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿ. ಮೆಷಿನ್ ಬಾಡಿಗೆ ಗಂಟೆ ಲೆಕ್ಕ, ಆದ್ದರಿಂದ ಪೀಸಿನ ಬೆಲೆಯೂ ಏರುತ್ತದೆ. ಗಟ್ಟಿತನ ಬೇಕಾದರೆ ದಪ್ಪ ಹೆಚ್ಚಿಸದೆ ರಿಬ್, ಅಂದರೆ ಗೋಡೆಗೆ ಆಸರೆಯಾಗುವ ತೆಳ್ಳನೆ ಪಟ್ಟಿ, ಕೊಡಿ.

ರಿಬ್. ರಿಬ್ಬಿನ ಬುಡದ ದಪ್ಪ ಗೋಡೆಯ ಅರ್ಧದಿಂದ 60 ಶೇಕಡಾದೊಳಗೆ ಇರಲಿ. 2 ಮಿ.ಮೀ. ಗೋಡೆಗೆ 1ರಿಂದ 1.2 ಮಿ.ಮೀ. ಅದಕ್ಕಿಂತ ದಪ್ಪ ಮಾಡಿದರೆ ಹೊರಮೈಯಲ್ಲಿ, ರಿಬ್ ಇರುವ ಕಡೆಯೇ ಗೆರೆಯಾಗಿ ಗುಳಿ ಬೀಳುತ್ತದೆ. ಇದಕ್ಕೆ ಸಿಂಕ್ ಮಾರ್ಕ್ ಅನ್ನುತ್ತಾರೆ. ಹೊಳಪಿನ ಮೇಲ್ಮೈಯಲ್ಲಿ ಇದು ಎದ್ದು ಕಾಣುತ್ತದೆ.

ಡ್ರಾಫ್ಟ್. ಇಡ್ಲಿ ತಟ್ಟೆಯ ಗುಳಿ ಇಳಿಜಾರಾಗಿರುವುದರಿಂದಲೇ ಇಡ್ಲಿ ಸಲೀಸಾಗಿ ಏಳುತ್ತದೆ. ಗುಳಿಯ ಅಂಚು ನೆಟ್ಟಗಿದ್ದರೆ ಕಿತ್ತೇ ತೆಗೆಯಬೇಕಿತ್ತು. ಮೋಲ್ಡ್ ಕೂಡ ಹಾಗೆಯೇ. ಮೋಲ್ಡ್ ತೆರೆಯುವ ದಿಕ್ಕಿನಲ್ಲಿರುವ ಪ್ರತಿ ಗೋಡೆಗೂ ಕನಿಷ್ಠ 1 ಡಿಗ್ರಿ ಇಳಿಜಾರು ಕೊಡಿ, ಸಾಧ್ಯವಾದರೆ 2. ಮೇಲ್ಮೈಗೆ ಒರಟು ಟೆಕ್ಸ್ಚರ್ ಬೇಕಾದರೆ 3ರಿಂದ 5. 30 ಮಿ.ಮೀ. ಆಳಕ್ಕೆ 1 ಡಿಗ್ರಿ ಅಂದರೆ ಒಂದೊಂದು ಬದಿಯೂ ಅರ್ಧ ಮಿ.ಮೀ. ಒಳಗೆ ಸರಿಯುತ್ತದೆ. 100 ಮಿ.ಮೀ. ಅಗಲದ ತಟ್ಟೆ ಬುಡದಲ್ಲಿ 99 ಆಗುತ್ತದೆ. ಜಾಲರಿ ಆ ತಟ್ಟೆಯೊಳಗೆ ಕೂರಬೇಕಾದರೆ ಈ ಲೆಕ್ಕ ಈಗಲೇ ಹಿಡಿಯಿರಿ. ಡ್ರಾಫ್ಟನ್ನು ಕೊನೆಯಲ್ಲಿ ಸೇರಿಸಹೊರಟರೆ ಮೂಲೆಯ ದುಂಡುಗಳೆಲ್ಲ ಮುರಿದು ಮಾಡೆಲ್ ಕೆಂಪು ಎರರ್‌ಗಳಿಂದ ತುಂಬುತ್ತದೆ. ಮೊದಲು ಡ್ರಾಫ್ಟ್, ಆಮೇಲೆ ದುಂಡು.

ಮೂಲೆಗಳು. ಒಳಮೂಲೆಯ ದುಂಡು ಗೋಡೆಯ ದಪ್ಪದ ಅರ್ಧ, ಹೊರಮೂಲೆಯದು ಅದಕ್ಕೆ ಗೋಡೆಯ ದಪ್ಪ ಕೂಡಿಸಿದಷ್ಟು. ನಮ್ಮಲ್ಲಿ 1 ಮತ್ತು 3 ಮಿ.ಮೀ. ಚೂಪು ಒಳಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು.

ಅಡ್ಡ ತೂತುಗಳು. ತಟ್ಟೆಯ ಪಕ್ಕದ ಗೋಡೆಯಲ್ಲಿ ನೀರು ಹೊರಹೋಗಲು ಒಂದು ತೂತು ಇಟ್ಟಿದ್ದೀರಿ ಅಂದುಕೊಳ್ಳಿ. ಮೋಲ್ಡ್ ಮೇಲೆ ಕೆಳಗೆ ತೆರೆಯುತ್ತದೆ, ತೂತು ಅಡ್ಡಕ್ಕಿದೆ. ಅದಕ್ಕೊಂದು ಪಕ್ಕಕ್ಕೆ ಸರಿಯುವ ಸ್ಲೈಡರ್ ಬೇಕು. ಮೋಲ್ಡ್ ಖರ್ಚು ಅಲ್ಲೇ ಏರುತ್ತದೆ, ಮುಂದೆ ಸವೆಯುವ ಜಾಗವೂ ಅದೇ. ತೂತನ್ನು ಅಂಚಿನಿಂದ ಕೆಳಗೆ ಇಳಿಯುವ ಕಚ್ಚು ಮಾಡಿಬಿಟ್ಟರೆ ಸ್ಲೈಡರ್ ಬೇಕಿಲ್ಲ. ಜಾಲರಿ ಕಚ್ಚಿ ಹಿಡಿಯುವ ಕೊಕ್ಕೆಯೂ ಹೀಗೇ: ಕೊಕ್ಕೆಯ ನೇರ ಕೆಳಗೆ ತಳದಲ್ಲಿ ಒಂದು ಕಿಂಡಿ ಬಿಟ್ಟರೆ ಮೋಲ್ಡಿನ ಉಕ್ಕು ಅಲ್ಲಿಂದ ಮೇಲೆ ಬಂದು ಕೊಕ್ಕೆಯ ಅಡಿಯನ್ನು ರೂಪಿಸುತ್ತದೆ. ಆದರೆ ಆ ಕೊಕ್ಕೆ ಇರಬೇಕಾದದ್ದು ಜಾಲರಿಯಲ್ಲಿ. ನೀರು ನಿಲ್ಲುವ ತಟ್ಟೆಯಲ್ಲಿ ಕಿಂಡಿ ಬಿಟ್ಟರೆ ಸೋರುತ್ತದೆ ಅಲ್ವಾ?

ಸೀಳುಗಳು. ಜಾಲರಿಯ ಸೀಳು 1 ಮಿ.ಮೀ. ಇದ್ದರೆ ಮೋಲ್ಡಿನಲ್ಲಿ ಅಷ್ಟೇ ತೆಳ್ಳನೆ ಉಕ್ಕಿನ ಬ್ಲೇಡ್ ನಿಲ್ಲಬೇಕು. ಅದು ಬಗ್ಗುತ್ತದೆ, ಮುರಿಯುತ್ತದೆ. 3 ಮಿ.ಮೀ. ಮಾಡಿ. ಪ್ರತಿ ಸೀಳನ್ನೂ ಪ್ಲಾಸ್ಟಿಕ್ ಸುತ್ತಿ ಬಂದು ಆ ಕಡೆ ಮತ್ತೆ ಸೇರುತ್ತದೆ. ಸೇರಿದ ಕಡೆ ಕೂದಲೆಳೆಯಂಥ ಗೆರೆ ಉಳಿಯುತ್ತದೆ, ಅಲ್ಲಿ ಬಲ ಕಮ್ಮಿ. ಹಾಗಾಗಿ ಸೀಳುಗಳ ನಡುವಿನ ಪಟ್ಟಿ ಅಗಲವಾಗಿರಲಿ. ಮೆಟಾಲಿಕ್ ಬಣ್ಣದ ಆಸೆ ಇದ್ದರೆ ಬಿಟ್ಟುಬಿಡಿ, ಆ ಬಣ್ಣದಲ್ಲಿ ಈ ಗೆರೆಗಳೆಲ್ಲ ಕಣ್ಣಿಗೆ ಹೊಡೆಯುತ್ತವೆ.

ತಳ. ಪಿಪಿಯ ದೊಡ್ಡ ಚಪ್ಪಟೆ ತಳ ಚಪ್ಪಟೆಯಾಗಿ ಉಳಿಯುವುದಿಲ್ಲ, ತಣಿಯುವಾಗ ಬಾಗುತ್ತದೆ. ಕಲ್ಲಿನ ಮೇಲಿಟ್ಟರೆ ಕುಣಿಯುತ್ತದೆ. ನಾಲ್ಕು ಸಣ್ಣ ಕಾಲು ಕೊಟ್ಟು, ತಳವನ್ನು ನಡುವೆ ಕೊಂಚ ಮೇಲೆತ್ತಿ. ಕಾಲುಗಳ ಎತ್ತರವನ್ನು ಮೋಲ್ಡಿನಲ್ಲಿ ಆಮೇಲೂ ತಿದ್ದಬಹುದು.

ಎಲ್ಲ ಮುಗಿದ ಮೇಲೆ ಡ್ರಾಫ್ಟ್ ಅನಾಲಿಸಿಸ್ ಓಡಿಸಿ. ಒಂದೇ ಒಂದು ಮೇಲ್ಮೈ ಡ್ರಾಫ್ಟ್ ಇಲ್ಲ ಅಂತ ಬಣ್ಣ ತೋರಿಸಿದರೂ ಮುಂದೆ ಹೋಗಬೇಡಿ.

## ಹಂತ 4: ಮಾದರಿ ಮಾಡಿ, ಆದರೆ ಪೂರ್ತಿ ನಂಬಬೇಡಿ

ತ್ರೀಡಿ ಪ್ರಿಂಟ್‌ನಲ್ಲಿ ಗಾತ್ರ, ಕೈಗೆ ಸಿಗುವ ಹಿಡಿತ, ಸೋಪು ಕೂರುತ್ತದೋ, ನೀರು ಇಳಿಯುತ್ತದೋ, ಸಿಂಕಿನ ಪಕ್ಕ ಜಾಗ ಸಾಲುತ್ತದೋ ಇಷ್ಟು ನೋಡಿ. ಮನೆಯಲ್ಲಿ ಪಾತ್ರೆ ತೊಳೆಯುವವರ ಕೈಗೆ ಕೊಟ್ಟು ಸುಮ್ಮನಿರಿ. ಅವರು ಅದನ್ನು ಎತ್ತಿ ಪಕ್ಕಕ್ಕಿಟ್ಟರೆ ಯಾಕೆ ಅಂತ ಕೇಳಿ.

ಪ್ರಿಂಟ್ ಹೇಳದೆ ಬಿಡುವುದೂ ಬಹಳ ಇದೆ. ಡ್ರಾಫ್ಟ್ ಇಲ್ಲದ ಗೋಡೆಯೂ ಅಲ್ಲಿ ಸಲೀಸಾಗಿ ಬರುತ್ತದೆ. ಗುಳಿ ಬೀಳುವುದು, ಬಾಗುವುದು ಮೋಲ್ಡಿನಲ್ಲಿ ಆಗುವಂತೆ ಇಲ್ಲಿ ಆಗುವುದಿಲ್ಲ. ತ್ರೀಡಿ ಪ್ರಿಂಟ್‌ಗೆ ಸಾಮಾನ್ಯವಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ಕಿನ ಮಾದರಿ ಗಟ್ಟಿಯಾಗಿರುತ್ತದೆ, ಪಿಪಿ ಅದಕ್ಕಿಂತ ಬಾಗುತ್ತದೆ. ಕೊಕ್ಕೆಯ ಹಿಡಿತವನ್ನು ಪಿಎಲ್ಎ ನೋಡಿ ನಿರ್ಧರಿಸಬಾರದು. ಇನ್ನೊಂದು, ಪಿಎಲ್ಎ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಿಸಿನೀರಿನ ಪರೀಕ್ಷೆಯನ್ನು ಅದರ ಮೇಲೆ ಮಾಡಿ ಬೇಜಾರಾಗಬೇಡಿ.

## ಹಂತ 5: ಫೋಟೊ ಹಾಕುವ ಮೊದಲು ಡಿಸೈನ್ ನೋಂದಣಿ

ಆಕಾರ ಹೊಸದು, ನಿಮ್ಮದೇ ಅನ್ನಿಸಿದರೆ 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಬಹುದು. ರಕ್ಷಣೆ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಇದು ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ. ನೀರು ಇಳಿಯುವ ಉಪಾಯಕ್ಕೆ ಈ ಕಾಯ್ದೆಯಲ್ಲಿ ರಕ್ಷಣೆ ಇಲ್ಲ, ಅದು ಪೇಟೆಂಟ್ ದಾರಿ.

ಅರ್ಜಿ ಹಾಕುವ ಮೊದಲೇ ಸಾರ್ವಜನಿಕವಾಗಿ ತೋರಿಸಿದ ಡಿಸೈನ್‌ಗೆ ನೋಂದಣಿ ಸಿಗುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ "ಶೀಘ್ರದಲ್ಲೇ ಬರಲಿದೆ" ಅಂತ ಹಾಕುವ ಚೆಂದದ ಫೋಟೊ ಕೂಡ ತೋರಿಸಿದಂತೆಯೇ.

## ಹಂತ 6: ಟೂಲ್ ರೂಮಿಗೆ ಏನು ಕೊಡಬೇಕು, ಏನು ಕೇಳಬೇಕು

ಬೆಂಗಳೂರಿನ ಪೀಣ್ಯದಲ್ಲಿ ಮೋಲ್ಡ್ ಮಾಡುವ ಸಣ್ಣ ದೊಡ್ಡ ಟೂಲ್ ರೂಮುಗಳು ಸಾಲಾಗಿ ಸಿಗುತ್ತವೆ. ರಾಜ್ಯ ಸರ್ಕಾರದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕೂಡ ಮೋಲ್ಡ್ ಮಾಡಿಕೊಡುತ್ತದೆ. ಪ್ಲಾಸ್ಟಿಕ್ ಪರೀಕ್ಷೆಗೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್ ಇದೆ. ಕನಿಷ್ಠ ಮೂರು ಕಡೆ ಕೊಟೇಷನ್ ತೆಗೆದುಕೊಳ್ಳಿ.

ಎಸ್‌ಟಿಎಲ್ ಫೈಲ್ ಕಳಿಸಬೇಡಿ. ಅದು ತ್ರಿಕೋನಗಳ ಜಾಲ ಅಷ್ಟೇ, ಮಿ.ಮೀ.ನೋ ಇಂಚೋ ಅನ್ನುವುದೂ ಅದರಲ್ಲಿ ಇರುವುದಿಲ್ಲ. ಮೇಲ್ಮೈ, ಅಳತೆ ಎರಡನ್ನೂ ಸರಿಯಾಗಿ ಉಳಿಸುವ ಸ್ಟೆಪ್ ಫೈಲ್ ಕಳಿಸಿ, ಜೊತೆಗೆ ಮುಖ್ಯ ಅಳತೆಗಳ ಪಿಡಿಎಫ್ ಡ್ರಾಯಿಂಗ್. ಎಲ್ಲ ಅಳತೆಗೂ 0.05 ಮಿ.ಮೀ. ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆಯಾಗಬಹುದಾದ ಮಿತಿ) ಬರೆಯಬೇಡಿ, ನೋಡಿದವರು ಬೆಲೆ ಏರಿಸುತ್ತಾರೆ. ಜಾಲರಿ ತಟ್ಟೆಯಲ್ಲಿ ಕೂರುವ ಜಾಗಕ್ಕೆ ಮಾತ್ರ ಬಿಗಿ ಅಳತೆ ಕೊಡಿ. ಯಾವ ಮೇಲ್ಮೈ ಗಿರಾಕಿಗೆ ಕಾಣುತ್ತದೆ ಅಂತ ಬಣ್ಣ ಹಚ್ಚಿ ತೋರಿಸಿ.

ಮೋಲ್ಡ್ ಯಾವ ಮೆಷಿನ್ನಿನಲ್ಲಿ ಓಡುತ್ತದೆ ಅನ್ನುವುದನ್ನು ಈಗಲೇ ಗೊತ್ತುಮಾಡಿ. ಪಿಪಿಗೆ ಪ್ರತಿ ಚದರ ಸೆಂ.ಮೀ.ಗೆ 0.3ರಿಂದ 0.5 ಟನ್ ಒತ್ತು ಬಲ, ಅಂದರೆ ಮೋಲ್ಡನ್ನು ಮುಚ್ಚಿ ಹಿಡಿಯುವ ಬಲ, ಅಂತ ಒರಟು ಲೆಕ್ಕ. ತಟ್ಟೆಯ ಮೇಲ್ನೋಟದ ವಿಸ್ತೀರ್ಣ 180 ಚದರ ಸೆಂ.ಮೀ., ಅಂದರೆ 54ರಿಂದ 90 ಟನ್. 100 ಟನ್ ಮೆಷಿನ್ ಸಾಕು. ಮೋಲ್ಡ್ ಮೆಷಿನ್ನಿನ ಟೈ ಬಾರ್‌ಗಳ, ಅಂದರೆ ಅದರ ಉಕ್ಕಿನ ಸರಳುಗಳ, ನಡುವೆ ಹಿಡಿಸಬೇಕು. ಮೋಲ್ಡ್ ಮಾಡಿಸಿ ಆಮೇಲೆ ಮೆಷಿನ್ ಹುಡುಕುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕೇಳಲೇಬೇಕಾದ ಪ್ರಶ್ನೆಗಳು: ಉಕ್ಕು ಯಾವುದು? ಕ್ಯಾವಿಟಿಗೆ, ಅಂದರೆ ಪೀಸಿನ ಆಕಾರ ಕೊಡುವ ಗುಳಿಗೆ, ಪಿ20 ಉಕ್ಕಾದರೆ ಈ ಕೆಲಸಕ್ಕೆ ಒಳ್ಳೆಯದು. ಕ್ಯಾವಿಟಿ ಎಷ್ಟು? ನೀರಿನ ಕೂಲಿಂಗ್ ದಾರಿ ಎಲ್ಲಿ? ಗೇಟ್, ಅಂದರೆ ಪ್ಲಾಸ್ಟಿಕ್ ಒಳಹೊಗುವ ಬಾಯಿ, ಎಲ್ಲಿ? ತಟ್ಟೆ, ಜಾಲರಿ ಎರಡನ್ನೂ ಒಂದೇ ಮೋಲ್ಡಿನಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ ಅನ್ನುತ್ತಾರೆ, ನಿಜವೇ. ಆದರೆ ತೂಕ ಬೇರೆ ಬೇರೆ ಇರುವ ಎರಡು ಭಾಗ ಒಂದೇ ಹೊತ್ತಿಗೆ ತುಂಬುವುದು ಕಷ್ಟ. ಒಂದು ತುಂಬಿ ತುಳುಕುವಾಗ ಇನ್ನೊಂದು ಅರ್ಧದಲ್ಲಿರುತ್ತದೆ. ಮೊದಲ ಸಲದವರಿಗೆ ಎರಡು ಬೇರೆ ಮೋಲ್ಡ್‌ಗಳೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಎಚ್ಚರಿಕೆಯ ಗುರುತು: "ಡ್ರಾಫ್ಟು ಗೀಫ್ಟು ಎಲ್ಲಾ ನಾವೇ ನೋಡ್ಕೋತೀವಿ ಸಾರ್, ಅಡ್ವಾನ್ಸ್ ಹಾಕಿ" ಅನ್ನುವ ಮಾತು. ಮಾಡೆಲ್ ತೆರೆದೇ ನೋಡದೆ ಬೆಲೆ ಹೇಳಿದರೆ ಅದೂ ಹಾಗೆಯೇ. ಒಳ್ಳೆಯ ಟೂಲ್ ಮೇಕರ್ ನಿಮಗೆ ಪ್ರಶ್ನೆ ಕೇಳುತ್ತಾರೆ, ಎರಡು ಮೂರು ಕಡೆ ಬದಲಾವಣೆ ಹೇಳುತ್ತಾರೆ.

## ಹಂತ 7: ಬರಹದಲ್ಲಿ ಒಪ್ಪಂದ, ಆಮೇಲೆ ಉಕ್ಕು

ಉಕ್ಕು ಕತ್ತರಿಸುವ ಮೊದಲು ಮೋಲ್ಡಿನ ಡ್ರಾಯಿಂಗ್ ತರಿಸಿಕೊಂಡು ಒಪ್ಪಿಗೆ ಕೊಡಿ. ಎರಡು ಅರ್ಧ ಸೇರುವ ಗೆರೆ, ಗೇಟಿನ ಗುರುತು, ಪಿನ್ನಿನ ಗುರುತು ಈ ಮೂರು ಕಾಣುವ ಮೇಲ್ಮೈಗೆ ಬಂದಿವೆಯೇ ಅಂತ ನೋಡಿ.

ಒಪ್ಪಂದದಲ್ಲಿ ಮೋಲ್ಡ್ ಯಾರದು, ಯಾವ ಉಕ್ಕು, ಎಷ್ಟು ಟ್ರಯಲ್ ಒಳಗೊಂಡಿದೆ, ಅಳತೆ ತಪ್ಪಿದರೆ ತಿದ್ದುವ ಖರ್ಚು ಯಾರದು, ಬೇರೆ ಕಡೆ ಒಯ್ಯುವಾಗ ಕೊಡುತ್ತಾರೋ ಇಲ್ಲವೋ, ಇವೆಲ್ಲ ಇರಲಿ. ಹಣ ಕಂತಿನಲ್ಲಿ ಕೊಡಿ. ಕೊನೆಯ ಕಂತು ಪೀಸ್ ಒಪ್ಪಿದ ಮೇಲೆ ಮಾತ್ರ. ಮೋಲ್ಡಿನ ಮೇಲೆ ನಿಮ್ಮ ಹೆಸರಿನ ಪ್ಲೇಟ್ ಹಾಕಿಸಿ.

ಒಂದು ಕಿವಿಮಾತು: ಬಿಗಿಯಾಗಿ ಕೂರಬೇಕಾದ ಜಾಗದಲ್ಲಿ ಉಕ್ಕನ್ನು ಸ್ವಲ್ಪ ಜಾಸ್ತಿ ಉಳಿಸಲು ಹೇಳಿ. ಉಕ್ಕು ಕೆರೆದು ತೆಗೆಯುವುದು ಸುಲಭ. ಸೇರಿಸಬೇಕಾದರೆ ವೆಲ್ಡಿಂಗ್ ಮಾಡಬೇಕು, ಗುರುತು ಉಳಿಯುತ್ತದೆ. ಮೋಲ್ಡಿನಲ್ಲಿ ಉಕ್ಕು ಉಳಿದರೆ ಆ ಜಾಗದಲ್ಲಿ ಪ್ಲಾಸ್ಟಿಕ್ ಕಮ್ಮಿ ಬರುತ್ತದೆ. ಅಂದರೆ ಮೊದಲ ಟ್ರಯಲ್‌ನಲ್ಲಿ ಜಾಲರಿ ಕೊಂಚ ಸಡಿಲವಾಗಿಯೇ ಕೂರಲಿ, ಆಮೇಲೆ ಬಿಗಿ ಮಾಡಿಸಿ.

## ಹಂತ 8: ಟ್ರಯಲ್ ದಿನ ಅಲ್ಲಿಯೇ ಇರಿ

ಮೊದಲ ಟ್ರಯಲ್‌ಗೆ ಟಿ1 ಅನ್ನುತ್ತಾರೆ. ಟಿ1ರಲ್ಲಿ ಎಲ್ಲ ಸರಿಬಂದರೆ ಅದೃಷ್ಟ. ಟಿ2, ಟಿ3 ಸಾಮಾನ್ಯ, ಗಾಬರಿ ಬೇಡ.

ಅಂಚು ತುಂಬದೆ ಅರ್ಧಕ್ಕೆ ನಿಂತಿದ್ದರೆ ಒತ್ತಡ ಸಾಲಲಿಲ್ಲ, ಇಲ್ಲವೇ ಗಾಳಿ ಹೊರಹೋಗಲು ದಾರಿಯಿಲ್ಲ. ಸೇರುವ ಗೆರೆಯಲ್ಲಿ ತೆಳ್ಳನೆ ಪರೆ ಬಂದಿದ್ದರೆ ಒತ್ತಡ ಜಾಸ್ತಿ, ಅಥವಾ ಮೋಲ್ಡಿನ ಎರಡು ಅರ್ಧ ಸರಿಯಾಗಿ ಕೂತಿಲ್ಲ. ಪಿನ್ನುಗಳ ಸುತ್ತ ಬಿಳಿ ಕಲೆ ಇದ್ದರೆ ಪೀಸ್ ಕಚ್ಚಿಕೊಂಡಿದೆ: ಡ್ರಾಫ್ಟ್, ಪಾಲಿಶ್ ಎರಡನ್ನೂ ನೋಡಿ. ಮೆಷಿನ್ ಸೆಟ್ಟಿಂಗಿನಿಂದ ಹೋಗುವ ದೋಷ ಯಾವುದು, ಮೋಲ್ಡ್ ತಿದ್ದಿದರೆ ಮಾತ್ರ ಹೋಗುವುದು ಯಾವುದು ಅಂತ ಅಲ್ಲಿಯೇ ಕೇಳಿ ಬರೆದುಕೊಳ್ಳಿ.

ಬಿಸಿ ಪೀಸನ್ನು ಅಳೆದು "ಸರಿಯಿದೆ" ಅನ್ನಬೇಡಿ. ಪಿಪಿ ಹೊರಬಂದ ಮೇಲೂ ಕುಗ್ಗುತ್ತಿರುತ್ತದೆ. ಒಂದೆರಡು ದಿನ ಬಿಟ್ಟು ಅಳೆಯಿರಿ.

ಈಗ ತಕ್ಕಡಿ ತೆಗೆಯಿರಿ. ಸಾಲಾಗಿ ಬಂದ ಇಪ್ಪತ್ತು ಪೀಸ್ ತೂಗಿ. ನಮ್ಮ ತಟ್ಟೆ ಸುಮಾರು 60 ಗ್ರಾಂ ಬರಬೇಕು. ತೂಕ ಒಂದೇ ಸಮ ಇದ್ದರೆ ಮೆಷಿನ್ ಸ್ಥಿರವಾಗಿದೆ. ಮೇಲೆ ಕೆಳಗೆ ಕುಣಿಯುತ್ತಿದ್ದರೆ ಕಣ್ಣಿಗೆ ಕಾಣದ ದೋಷ ಶುರುವಾಗಿದೆ ಅಂತ ಅರ್ಥ. ಮಾತು ಕೊಟ್ಟ ಮೆಟೀರಿಯಲ್ ಬದಲು ಬೇರೆ ಏನೋ ಬೆರೆಸಿದಾಗಲೂ ಎಷ್ಟೋ ಸಲ ತೂಕವೇ ಮೊದಲು ಹೇಳುತ್ತದೆ.

ಪೀಸುಗಳನ್ನು ಮನೆಗೆ ತಂದು ಸೊಂಟದೆತ್ತರದಿಂದ ಬೀಳಿಸಿ, ಬಿಸಿನೀರು ಹಾಕಿ, ಪಾತ್ರೆ ಸೋಪಿನ ನೀರಿನಲ್ಲಿ ಒಂದು ವಾರ ನೆನೆಸಿಡಿ. ಒಪ್ಪಿಗೆಯಾದ ಪೀಸಿಗೆ ಸಹಿ, ದಿನಾಂಕ ಹಾಕಿ ಒಂದನ್ನು ನೀವಿಟ್ಟುಕೊಂಡು ಇನ್ನೊಂದನ್ನು ಅವರಿಗೆ ಕೊಡಿ. ಮುಂದೆ ಜಗಳ ಬಂದರೆ ಅದೇ ಅಳತೆಗೋಲು.

## ಹಂತ 9: ಮೊದಲ ಬ್ಯಾಚ್, ಪ್ಯಾಕಿಂಗ್, ಲೇಬಲ್

ಐದು ಸಾವಿರ ಪೀಸ್ ಒಂದೇ ಸಲ ಹೊಡೆಸಬೇಡಿ. ಐನೂರು ಮಾಡಿ, ಮಾರಿ, ದೂರು ಕೇಳಿ. ರೀಗ್ರೈಂಡ್, ಅಂದರೆ ಅರೆದ ಹಳೆ ಪ್ಲಾಸ್ಟಿಕ್, ಎಷ್ಟು ಶೇಕಡಾ ಬೆರೆಸಬಹುದು ಅಂತ ಆರ್ಡರ್‌ನಲ್ಲೇ ಬರೆಯಿರಿ. ಬರೆಯದಿದ್ದರೆ ಅವರಿಗೆ ತೋಚಿದಷ್ಟು ಬೆರೆಯುತ್ತದೆ. ಮಾಸ್ಟರ್‌ಬ್ಯಾಚಿನ, ಅಂದರೆ ಪ್ಲಾಸ್ಟಿಕ್ಕಿಗೆ ಬೆರೆಸುವ ಬಣ್ಣದ ಕಾಳಿನ, ಹೆಸರು, ಪ್ರಮಾಣ ಕೂಡ ಬರೆದಿಡಿ, ಇಲ್ಲವಾದರೆ ಎರಡನೇ ಬ್ಯಾಚಿನ ಹಸಿರು ಬೇರೆಯೇ ಹಸಿರಾಗುತ್ತದೆ.

ಕೊರಿಯರ್‌ನವರು ತೂಕದ ಜೊತೆಗೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 20 × 12 × 8 ಸೆಂ.ಮೀ. ಡಬ್ಬಿಯ ಲೆಕ್ಕ 384 ಗ್ರಾಂ ಬರುತ್ತದೆ. ಒಳಗಿರುವ ಪ್ಲಾಸ್ಟಿಕ್ ಅದರಲ್ಲಿ ಮೂರನೇ ಒಂದು ಭಾಗವೂ ಇಲ್ಲ. ಉಳಿದದ್ದು ಗಾಳಿ. ತಟ್ಟೆಗಳು ಒಂದರೊಳಗೊಂದು ಕೂರುವ ಹಾಗಿದ್ದರೆ ಅಂಗಡಿಗೆ ಕಳಿಸುವಾಗ ಭಾರಿ ಉಳಿತಾಯ. 3ನೇ ಹಂತದಲ್ಲಿ ಕೊಟ್ಟ ಡ್ರಾಫ್ಟ್ ಇಲ್ಲೂ ಕೆಲಸಕ್ಕೆ ಬರುತ್ತದೆ.

ಡಬ್ಬಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ವಸ್ತುವಿನ ಹೆಸರು, ಎಷ್ಟು ಪೀಸ್, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರು ದೂರು ಕೊಡುವ ಸಂಪರ್ಕ ಇರಲೇಬೇಕು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಇದನ್ನು ಕೇಳುತ್ತದೆ. ಪ್ಯಾಕ್ ಮಾಡಲು ಶುರು ಮಾಡಿದ 90 ದಿನದೊಳಗೆ ಕಾನೂನು ಮಾಪನ ಶಾಸ್ತ್ರ ಇಲಾಖೆಯಲ್ಲಿ ಪ್ಯಾಕರ್ ನೋಂದಣಿಗೆ ಅರ್ಜಿ ಹಾಕಬೇಕು. ಪ್ಲಾಸ್ಟಿಕ್ಕಿನ ಮನೆಬಳಕೆ ಸಾಮಾನುಗಳಿಗೆ ಎಚ್‌ಎಸ್‌ಎನ್, ಅಂದರೆ ತೆರಿಗೆಗೆ ಸರಕು ಗುರುತಿಸುವ ಸಂಖ್ಯೆ, 3924. ಬಿಲ್ಲಿಗೆ ಬೇಕಾಗುತ್ತದೆ.

## ಹಂತ 10: ಬ್ಯಾಚ್ ಮುಗಿದ ಮೇಲೆ ಮೋಲ್ಡ್

ಮೋಲ್ಡ್ ಇಳಿಸುವ ಮೊದಲು ಕೂಲಿಂಗ್ ದಾರಿಯ ನೀರನ್ನು ಗಾಳಿ ಹೊಡೆದು ಪೂರ್ತಿ ತೆಗೆಸಿ. ಒಳಮೈಗೆ ತುಕ್ಕು ತಡೆಯುವ ಸ್ಪ್ರೇ ಹೊಡೆಸಿ, ಮುಚ್ಚಿಸಿ. ಮಳೆಗಾಲದಲ್ಲಿ ಹಾಗೇ ಬಿಟ್ಟ ಮೋಲ್ಡ್‌ಗೆ ತುಕ್ಕು ಹಿಡಿದರೆ ಪಾಲಿಶ್ ಮತ್ತೆ ಮಾಡಿಸಬೇಕು.

ಕೊನೆಗೆ ಬಂದ ಪೀಸನ್ನು ಬಿಸಾಡದೆ ದಿನಾಂಕ ಬರೆದು ಮೋಲ್ಡ್ ಜೊತೆಗೇ ಇಡಿ. ಆ ದಿನದ ತಾಪಮಾನ, ಒತ್ತಡ, ತಣಿಸುವ ಸಮಯದ ಸೆಟ್ಟಿಂಗ್ ಹಾಳೆಯ ಫೋಟೊ ತೆಗೆದುಕೊಳ್ಳಿ. ಮುಂದಿನ ಬ್ಯಾಚನ್ನು ಬೇರೆ ಆಪರೇಟರ್ ಓಡಿಸಿದರೆ ಮೊದಲು ಕೇಳುವುದು ಇವೆರಡನ್ನೇ.